ಮಾಂತ್ರಿಕ ಹುಡುಗನೂ ಅವನ ನೆರಳೂ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಣ್ಣನ ಮಗಳು ಹದಿನೈದು ದಿನ ಬೆಂಗಳೂರಿನ ನಮ್ಮ ಮನೆಯಲ್ಲಿದ್ದಳು. ಒಂಬತ್ತನೆಯ ತರಗತಿ ಮುಗಿಸಿ ಹತ್ತನೆಯದಕ್ಕೆ ಕಾಲಿಡುತ್ತಿದ್ದ ಹುಡುಗಿ. ಅವಳ ಚೀಲದಲ್ಲಿ ಗಣಿತ, ವಿಜ್ಞಾನದ ಗೈಡುಗಳ ನಡುವೆ ಹ್ಯಾರಿ ಪಾಟರ್ ಸರಣಿಯ ಎರಡು ದಪ್ಪ ಪುಸ್ತಕಗಳಿದ್ದವು. ಇದನ್ನು ಬಲ್ಲ ಅಣ್ಣ ಅವಳು ಬಂದಿಳಿದ ದಿನವೇ ಫೋನು ಮಾಡಿದ. ‘ಇವಳಿಗೆ ಈ ಮಾಟಮಂತ್ರದ ಕಥೆಗಳ ಹುಚ್ಚು ಇನ್ನೂ ಬಿಟ್ಟಿಲ್ಲ ಕಣೋ. ಎಸ್ಸೆಸ್ಸೆಲ್ಸಿ ವರ್ಷ. ನೀನಾದರೂ ಸ್ವಲ್ಪ ಬುದ್ಧಿ ಹೇಳು’ ಎಂದ. ಬುದ್ಧಿ ಹೇಳುವುದರಲ್ಲಿ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಬದಲಿಗೆ ನನ್ನ ಕಪಾಟಿನಲ್ಲಿ ಬೆನ್ನು ಹರಿದು ಕೂತಿದ್ದ ಇನ್ನೊಂದು ಮಾಟಮಂತ್ರದ ಪುಸ್ತಕವನ್ನು ಅವಳ ಕೈಗಿತ್ತೆ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’.

ಇಂಥ ಕಥೆಗಳ ಬಗ್ಗೆ ಹಿರಿಯರು ಎತ್ತುವ ಆಕ್ಷೇಪ ಎಲ್ಲರಿಗೂ ತಿಳಿದದ್ದೇ. ಇವು ಪಲಾಯನವಾದಿ, ಮಕ್ಕಳನ್ನು ವಾಸ್ತವದಿಂದ ದೂರ ಒಯ್ಯುತ್ತವೆ, ಮಂತ್ರದಂಡ ಬೀಸಿದರೆ ಎಲ್ಲವೂ ಆಗುತ್ತದೆಂಬ ಭ್ರಮೆ ಹುಟ್ಟಿಸುತ್ತವೆ ಎಂಬುದು. ಚಂದಮಾಮದ ಬೇತಾಳನನ್ನು ಹೆಗಲ ಮೇಲೆ ಹೊತ್ತೇ ಬೆಳೆದ ನಮ್ಮ ತಲೆಮಾರಿನವರು ಈ ಮಾತನ್ನು ಇಷ್ಟು ಗಂಭೀರವಾಗಿ ಹೇಳುವುದು ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ. ಆದರೆ ಆಕ್ಷೇಪದ ಕೊನೆಯ ಭಾಗವನ್ನು ನಾನು ತಳ್ಳಿಹಾಕಲಾರೆ. ಮಂತ್ರಕ್ಕೆ ಬೆಲೆಯೇ ಇಲ್ಲದ ಕಥೆಗಳಿವೆ. ಸರಿಯಾದ ಪದ, ಸರಿಯಾದ ಉಚ್ಚಾರ ಇದ್ದರೆ ಸಾಕು, ಜಗತ್ತು ಬಾಗುತ್ತದೆ. ಅಂಥ ಕಥೆ ಮಗುವಿನ ಮನಸ್ಸಿನಲ್ಲಿ ಏನನ್ನು ಉಳಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ನನಗೆ ಆ ಹದಿನೈದು ದಿನಗಳಲ್ಲಿ ಅನಿರೀಕ್ಷಿತವಾಗಿ ಸಿಕ್ಕಿತು. ಅದನ್ನು ಮುಂದೆ ಹೇಳುತ್ತೇನೆ.

ಅರ್ಥ್‌ಸೀ ಎಂದರೆ ಕಡಲಲ್ಲಿ ಚೆದುರಿಬಿದ್ದ ನೂರಾರು ದ್ವೀಪಗಳ ಲೋಕ. ಅದರಲ್ಲಿ ಗಾಂಟ್ ಎಂಬುದೊಂದು ಬೆಟ್ಟದ ದ್ವೀಪ. ಅಲ್ಲಿನ ಕಂಚುಗಾರನೊಬ್ಬನ ತಾಯಿಯಿಲ್ಲದ ಮಗ ಮೇಕೆ ಕಾಯುತ್ತಾನೆ. ಹಳ್ಳಿಯ ಮಾಟಗಾತಿಯಾದ ದೊಡ್ಡಮ್ಮ ಮೇಕೆ ಕರೆಯಲು ಹೇಳುವ ನಾಲ್ಕು ಮಾತುಗಳನ್ನು ಕದ್ದು ಕೇಳಿಸಿಕೊಂಡು ಒಂದು ದಿನ ತಾನೂ ಹೇಳಿಬಿಡುತ್ತಾನೆ. ಮೇಕೆಗಳು ಬರುತ್ತವೆ. ಬಂದವು ಹೋಗುವುದಿಲ್ಲ! ಮಂದೆಯೆಲ್ಲ ಅವನನ್ನು ಒತ್ತಿಕೊಂಡು ನಿಲ್ಲುತ್ತದೆ, ಹುಡುಗ ಹೆದರಿ ಓಡುತ್ತಾನೆ, ಅವೂ ಅಂಟಿಕೊಂಡೇ ಓಡುತ್ತವೆ. ಬಿಡಿಸುವ ಮಾತು ಅವನಿಗೆ ಗೊತ್ತಿಲ್ಲ. ಕಾದಂಬರಿಯ ಮೊದಲ ಪುಟಗಳಲ್ಲಿ ನಗೆ ತರಿಸುವ ಈ ಪ್ರಸಂಗದಲ್ಲೇ ಮುಂದಿನ ಇಡೀ ಕಥೆ ಅಡಗಿದೆ. ಆತನಿಗೆ ಕರೆಯುವುದು ಗೊತ್ತು, ಕಳಿಸುವುದು ಗೊತ್ತಿಲ್ಲ.

ಈ ಲೋಕದ ಮಂತ್ರವಿದ್ಯೆಯ ತಿರುಳು ಹೆಸರು. ಪ್ರತಿಯೊಂದು ವಸ್ತುವಿಗೂ, ಪ್ರಾಣಿಗೂ, ಮನುಷ್ಯನಿಗೂ ಸೃಷ್ಟಿಯ ಭಾಷೆಯಲ್ಲಿ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ ಅಧಿಕಾರವಿದೆ. ಆದ್ದರಿಂದ ಯಾರೂ ತಮ್ಮ ನಿಜನಾಮವನ್ನು ಹೊರಗೆ ಹೇಳುವುದಿಲ್ಲ, ಬಳಕೆಗೆ ಬೇರೊಂದು ಹೆಸರಿರುತ್ತದೆ. ನಮ್ಮ ಹುಡುಗನನ್ನು ಜನ ಕರೆಯುವುದು ಸ್ಪ್ಯಾರೋಹಾಕ್ ಎಂದು. ಹದಿಮೂರನೆಯ ವಯಸ್ಸಿನಲ್ಲಿ ಓಗಿಯನ್ ಎಂಬ ವೃದ್ಧ ಮಾಂತ್ರಿಕ ಅವನಿಗಷ್ಟೇ ಕೇಳುವಂತೆ ಹೇಳುವ ನಿಜನಾಮ ಗೆಡ್. ಮಗುವಿನ ಕಿವಿಯಲ್ಲಿ ಹೆಸರು ಉಸುರುವ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ, ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಸಾವಿನ ಕಣ್ಣು ತಪ್ಪಿಸಲು ಮುಂದಿನ ಮಗುವನ್ನು ತಿಪ್ಪನೆಂದು ಕರೆದ ಹಿರಿಯರ ಮೊಮ್ಮಕ್ಕಳಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಲೇಖಕಿಗೆ ಈ ಕಲ್ಪನೆ ಎಲ್ಲಿಂದ ಬಂತು ಎಂದು ಯೋಚಿಸುವಾಗ ನನಗೆ ಅವರ ಮನೆಯ ಒಂದು ಕಥೆ ನೆನಪಾಗುತ್ತದೆ. ಲೆ ಗ್ವಿನ್ ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟು ವಲಸೆ ಬಂದ ಬಿಳಿಯರ ಕೈಯಲ್ಲಿ ನಿರ್ನಾಮವಾದ ಮೇಲೆ ಉಳಿದ ಕೊನೆಯ ವ್ಯಕ್ತಿಯೊಬ್ಬ 1911ರಲ್ಲಿ ಒರೋವಿಲ್ ಎಂಬ ಊರಿನ ಬಳಿ ಹಸಿದು ಸೋತು ಕಾಣಿಸಿಕೊಂಡ. ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ಹೆಸರೇನೆಂದು ಕೇಳಿದರೆ ಹೇಳಲಿಲ್ಲ. ತನ್ನ ಹೆಸರನ್ನು ತಾನೇ ಅಪರಿಚಿತರಿಗೆ ಹೇಳುವುದು ಅವರ ಸಂಪ್ರದಾಯಕ್ಕೆ ಸಲ್ಲದ್ದು, ಅವನನ್ನು ಪರಿಚಯಿಸಲು ಅವನ ಜನರಲ್ಲಿ ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು ‘ಇಶಿ’ ಎಂದು ಕರೆದರು. ಅವನ ಭಾಷೆಯಲ್ಲಿ ಅದರ ಅರ್ಥ ‘ಮನುಷ್ಯ’, ಅಷ್ಟೆ. 1916ರಲ್ಲಿ ಅವನು ಕ್ಷಯದಿಂದ ಸತ್ತಾಗ ಹೆಸರೂ ಅವನೊಂದಿಗೇ ಹೋಯಿತು. ಲೆ ಗ್ವಿನ್ ಹುಟ್ಟಿದ್ದು 1929ರಲ್ಲಿ, ಅವರು ಇಶಿಯನ್ನು ಕಂಡವರಲ್ಲ. ಆದರೆ ಅವರ ತಾಯಿ ಥಿಯೋಡೋರಾ ಕ್ರೋಬರ್ ಇಶಿಯ ಜೀವನಕಥೆಯನ್ನು ಬರೆದು 1961ರಲ್ಲಿ ಪ್ರಕಟಿಸಿದರು. ಏಳು ವರ್ಷಗಳ ಬಳಿಕ ಮಗಳ ಕಾದಂಬರಿ ಬಂತು. ಒಂದು ಇನ್ನೊಂದಕ್ಕೆ ನೇರ ಕಾರಣ ಎಂದು ನಾನು ಹೇಳುತ್ತಿಲ್ಲ, ಹೆಸರಿನ ಮಾಟ ಅನೇಕ ದೇಶಗಳ ಜನಪದದಲ್ಲಿದೆ. ಆದರೂ ಹೇಳದೆ ಉಳಿದ ಹೆಸರೊಂದು ಆ ಮನೆಯ ಗಾಳಿಯಲ್ಲಿತ್ತು. ಬರ್ಕಲಿ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಮಾನವಶಾಸ್ತ್ರ ಕಟ್ಟಡಕ್ಕಿದ್ದ ಕ್ರೋಬರರ ಹೆಸರನ್ನು ತೆಗೆದುಹಾಕಿತು. ಅದಕ್ಕೆ ಮುಂದಿಟ್ಟ ಕಾರಣಗಳಲ್ಲಿ ಇಶಿಯನ್ನು ನಡೆಸಿಕೊಂಡ ರೀತಿಯೂ ಒಂದು.

ಗೆಡ್‌ನ ಪಾತ್ರಕ್ಕೆ ಮರಳುತ್ತೇನೆ. ಮಂತ್ರವಾದಿಗಳೆಲ್ಲ ಕಥೆಗಳಲ್ಲಿ ಬಿಳಿಗಡ್ಡದ ಮುದುಕರೇ ಆಗಿರುತ್ತಾರಲ್ಲ, ಅವರು ಹದಿನೈದು ವರ್ಷದ ಹುಡುಗರಾಗಿದ್ದಾಗ ಹೇಗಿದ್ದರು ಎಂಬ ಕುತೂಹಲದಿಂದ ಈ ಕಾದಂಬರಿ ಹುಟ್ಟಿತೆಂದು ಲೆ ಗ್ವಿನ್ ಹೇಳಿಕೊಂಡಿದ್ದಾರೆ. ಉತ್ತರವಾಗಿ ಅವರು ಸೃಷ್ಟಿಸಿದ್ದು ಒಬ್ಬ ಜಾಣ ವಿದ್ಯಾರ್ಥಿಯನ್ನು. ಜಾಣ, ಬಡವ, ಹಳ್ಳಿಯವ, ಅವಸರದವ, ಸಿಟ್ಟಿನವ. ಓಗಿಯನ್‌ನ ಶಿಷ್ಯನಾದಾಗ ವಿದ್ಯೆ ಯಾವಾಗ ಆರಂಭವಾಗುತ್ತದೆ ಎಂದು ಚಡಪಡಿಸುತ್ತಾನೆ. ಗುರುವೋ ಭೂಕಂಪವನ್ನೇ ತಡೆದವನೆಂದು ಖ್ಯಾತನಾದವನು, ಆದರೆ ಮಳೆ ಬಂದರೆ ಸುಮ್ಮನೆ ಮರದ ಬುಡದಲ್ಲಿ ಮಲಗಿ ನೆನೆಯುತ್ತಾನೆ. ಮಳೆ ಸರಿಸುವ ಮಂತ್ರ ಬೀದಿಯ ಮಾಟಗಾರನಿಗೂ ಗೊತ್ತು. ಶಕ್ತಿಯಿದ್ದೂ ಅದನ್ನು ಬಳಸದ ಈತನದು ಎಂಥ ಶಕ್ತಿ ಎಂದು ಹುಡುಗ ಒಳಗೇ ಕುದಿಯುತ್ತಾನೆ. ಕೊನೆಗೆ ಅವನನ್ನು ಬಿಟ್ಟು ರೋಕ್ ದ್ವೀಪದ ಮಾಂತ್ರಿಕರ ವಿದ್ಯಾಲಯಕ್ಕೆ ಹೋಗುತ್ತಾನೆ.

ಆ ವಿದ್ಯಾಲಯದ ಅಧ್ಯಾಯಗಳನ್ನು ಓದುವಾಗ ನನ್ನ ಅಣ್ಣನ ಮಗಳು ಊಟಕ್ಕೆ ಕರೆದರೂ ಏಳಲಿಲ್ಲ. ಅಲ್ಲಿ ಪವಾಡಗಳಿಗಿಂತ ಹೆಚ್ಚಾಗಿ ಬಾಯಿಪಾಠವಿದೆ. ಒಂಟಿ ಗೋಪುರವೊಂದರಲ್ಲಿ ಕುಳಿತ ನಾಮಗುರು ಹುಡುಗರಿಗೆ ಹಾಳೆಗಟ್ಟಲೆ ಹೆಸರುಗಳ ಪಟ್ಟಿ ಕೊಡುತ್ತಾನೆ, ನಡುರಾತ್ರಿಗೆ ಶಾಯಿ ತಾನಾಗಿ ಅಳಿಸಿಹೋಗುತ್ತದೆ, ಅಷ್ಟರೊಳಗೆ ಕಲಿತಿರಬೇಕು. ‘ನಮ್ಮ ಕೆಮಿಸ್ಟ್ರಿ ಮಿಸ್ಸೇ ಇದು ಚಿಕ್ಕಪ್ಪ’ ಎಂದಳು. ಭ್ರಮೆಗೂ ನಿಜವಾದ ಬದಲಾವಣೆಗೂ ಇರುವ ಅಂತರವನ್ನು ಅಲ್ಲಿ ಕಲಿಸುತ್ತಾರೆ. ಬೆಣಚುಕಲ್ಲನ್ನು ವಜ್ರದಂತೆ ಕಾಣಿಸುವುದು ಸುಲಭ. ಆದರೆ ಅದನ್ನು ನಿಜವಾಗಿ ವಜ್ರವಾಗಿಸಬೇಕಾದರೆ ಅದರ ನಿಜನಾಮವನ್ನೇ ಬದಲಿಸಬೇಕು, ಹಾಗೆ ಬದಲಿಸಿದರೆ ಜಗತ್ತು ಅಷ್ಟರಮಟ್ಟಿಗೆ ಬದಲಾದಂತೆ. ಇಲ್ಲಿ ಮಳೆ ತರಿಸಿದರೆ ಇನ್ನೆಲ್ಲೋ ಬರ ಬೀಳಬಹುದು. ಲೆ ಗ್ವಿನ್ ಜೀವನದುದ್ದಕ್ಕೂ ಚೀನಾದ ತಾವೊ ಚಿಂತನೆಯನ್ನು ಓದಿಕೊಂಡವರು, ‘ತಾವೊ ತೆ ಚಿಂಗ್’ನ ತಮ್ಮದೇ ಇಂಗ್ಲಿಷ್ ರೂಪವನ್ನು 1997ರಲ್ಲಿ ಪ್ರಕಟಿಸಿದರು. ಈ ಸಮತೋಲದ ಕಲ್ಪನೆಯ ಬೇರು ಅಲ್ಲಿದೆ. ಆದರೆ ಹದಿಹರೆಯದವರನ್ನು ಹಿಡಿದು ಕೂರಿಸುವುದು ಈ ತತ್ವವಲ್ಲ, ಜಾಸ್ಪರ್. ಸಿರಿವಂತರ ಮನೆಯ ಆ ಸಹಪಾಠಿ ಗೆಡ್‌ನನ್ನು ಬಹಳ ನಯವಾಗಿ ಹೀಯಾಳಿಸುತ್ತಾನೆ. ತಮ್ಮ ತರಗತಿಯಲ್ಲಿ ಅಂಥವನೊಬ್ಬ ಇಲ್ಲದ ವಿದ್ಯಾರ್ಥಿ ಯಾರಿದ್ದಾರೆ?

ಜಾಸ್ಪರ್‌ನ ಮುಂದೆ ತಾನು ಮೇಲೆಂದು ತೋರಿಸಲು ಗೆಡ್ ಒಂದು ರಾತ್ರಿ ಸತ್ತವರ ಲೋಕದಿಂದ ಪುರಾತನ ಸುಂದರಿಯೊಬ್ಬಳನ್ನು ಕರೆಯುತ್ತಾನೆ. ಆಕೆ ಒಂದು ಕ್ಷಣ ಕಾಣಿಸುತ್ತಾಳೆ. ತೆರೆದ ಆ ಬಿರುಕಿನಿಂದ ಹೆಸರಿಲ್ಲದ, ರೂಪವಿಲ್ಲದ ಕಪ್ಪು ನೆರಳೊಂದು ಹೊರಬಿದ್ದು ಅವನ ಮುಖವನ್ನು ಸೀಳುತ್ತದೆ. ಬಿರುಕನ್ನು ಮುಚ್ಚಲು ಮುಖ್ಯಗುರು ನೆಮರ್ಲ್ ತನ್ನೆಲ್ಲ ಶಕ್ತಿಯನ್ನು ಸುರಿದು ಪ್ರಾಣ ಬಿಡುತ್ತಾನೆ. ಮೇಕೆ ಕರೆದ ಹುಡುಗ ಅದೇ ತಪ್ಪನ್ನು ಮತ್ತೆ ಮಾಡಿದ್ದಾನೆ, ಈ ಸಲ ಒಂದು ಜೀವ ಹೋಗಿದೆ. ಗೆಡ್ ತಿಂಗಳುಗಟ್ಟಲೆ ಮಲಗುತ್ತಾನೆ. ಎದ್ದಾಗ ಮುಖದಲ್ಲಿ ಕಲೆ, ಮಾತಿನಲ್ಲಿ ತಡವರಿಕೆ. ತನ್ನ ಹಿಂದಿದ್ದ ಕಿರಿಯರ ಜೊತೆ ಕೂತು ಮತ್ತೆ ಕಲಿಯಬೇಕು. ಮೊದಲ ಸಾಲಿನ ವಿದ್ಯಾರ್ಥಿ ಹಿಂದಿನ ಬೆಂಚಿಗೆ ಬಂದ ಅವಮಾನವನ್ನು ಲೇಖಕಿ ಎರಡೇ ಪುಟಗಳಲ್ಲಿ, ಕರುಣೆಯನ್ನು ಎಲ್ಲಿಯೂ ಬೇಡದೆ ಹೇಳುತ್ತಾರೆ. ಅವನ ಗೆಳೆಯ ವೆಚ್ ಬೀಳ್ಕೊಳ್ಳುವಾಗ ಏನೂ ಕೇಳದೆ ತನ್ನ ನಿಜನಾಮವನ್ನು ಅವನಿಗೆ ಹೇಳಿಬಿಡುತ್ತಾನೆ. ಅದು ತನ್ನ ಪ್ರಾಣವನ್ನೇ ಅವನ ಅಂಗೈಯಲ್ಲಿಟ್ಟಂತೆ. ಸ್ನೇಹದ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿದ ಪ್ರಸಂಗವನ್ನು ನಾನು ಬೇರೆ ಕಡೆ ಓದಿದ ನೆನಪಿಲ್ಲ.

ಈಗ ನಾನು ಮುಂದೂಡಿದ್ದ ಸಂಗತಿ. ವಿದ್ಯೆ ಮುಗಿಸಿದ ಗೆಡ್ ಬಡ ದ್ವೀಪವೊಂದಕ್ಕೆ ಊರಿನ ಮಾಂತ್ರಿಕನಾಗಿ ಹೋಗುತ್ತಾನೆ. ಅಲ್ಲಿ ದೋಣಿ ಕಟ್ಟುವವನೊಬ್ಬ ಅವನಿಗೆ ಗೆಳೆಯನಾಗುತ್ತಾನೆ. ಒಂದು ರಾತ್ರಿ ಆ ಗೆಳೆಯನ ಪುಟ್ಟ ಮಗನಿಗೆ ಜ್ವರ ಏರುತ್ತದೆ. ಸಾಯುತ್ತಿರುವವರನ್ನು ಹಿಡಿದು ನಿಲ್ಲಿಸಲು ಹೋಗಬಾರದೆಂದು ಗೆಡ್‌ಗೆ ಗುರುಗಳು ಕಲಿಸಿದ್ದಾರೆ. ಆದರೆ ತಾಯಿಯ ಅಳು, ಗೆಳೆಯನ ಕಣ್ಣಿನ ನಂಬಿಕೆ ಅವನನ್ನು ನಿಲ್ಲಗೊಡುವುದಿಲ್ಲ. ಮಗುವಿನ ಜೀವದ ಬೆನ್ನು ಹತ್ತಿ ಕತ್ತಲೆಯ ಇಳಿಜಾರಿನಲ್ಲಿ ಇಳಿಯುತ್ತಾನೆ. ಮಗು ಮುಂದೆ ಮುಂದೆ ಓಡುತ್ತದೆ, ಕೈಗೆ ಸಿಗುವುದಿಲ್ಲ. ಅವನು ತಾನೇ ಹಿಂದಿರುಗುವುದು ಕಷ್ಟವಾಗುತ್ತದೆ. ಮಗು ಸಾಯುತ್ತದೆ. ಕಥಾನಾಯಕ, ಅದ್ಭುತ ಶಕ್ತಿಯುಳ್ಳವನು, ಒಂದು ಮಗುವನ್ನು ಉಳಿಸಲಾಗದೆ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ಆ ಅಧ್ಯಾಯ ಮುಗಿಸಿದ ಸಂಜೆ ಹುಡುಗಿ ಪುಸ್ತಕ ಮುಚ್ಚಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅದರ ಹಿಂದಿನ ಚಳಿಗಾಲದಲ್ಲಿ ನನ್ನ ತಾಯಿ, ಅವಳ ಅಜ್ಜಿ, ಮೂರು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದರು. ಆಗ ಮನೆಯಲ್ಲಿ ಯಾರೋ ಹಿರಿಯರು ಇವಳಿಗೆ ಒಂದು ಸ್ತೋತ್ರ ಕಲಿಸಿ, ದಿನಾ ನೂರೆಂಟು ಸಲ ತಪ್ಪಿಲ್ಲದೆ ಹೇಳಿದರೆ ಅಜ್ಜಿ ಎದ್ದು ಬರುತ್ತಾರೆ ಎಂದಿದ್ದರು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮಗುವಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು:

‘ಚಿಕ್ಕಪ್ಪ, ಗೆಡ್ ಮಂತ್ರ ತಪ್ಪು ಹೇಳಿರಲಿಲ್ಲ ಅಲ್ವಾ?’

‘ಇಲ್ಲಮ್ಮ. ಸರಿಯಾಗೇ ಹೇಳಿದ್ದ.’

‘ನಾನು ಎರಡು ದಿನ ನಿದ್ದೆ ಬಂದು ಪೂರ್ತಿ ಹೇಳಿರಲಿಲ್ಲ. ಅದಕ್ಕೇ ಏನೋ ಅಂದ್ಕೊಂಡಿದ್ದೆ.’

ನಾಲ್ಕು ತಿಂಗಳು ಈ ಮಗು ಇದನ್ನು ಹೊತ್ತುಕೊಂಡು ಶಾಲೆಗೆ ಹೋಗಿದೆ, ಪರೀಕ್ಷೆ ಬರೆದಿದೆ, ಹಬ್ಬದಲ್ಲಿ ಒಬ್ಬಟ್ಟು ತಿಂದಿದೆ. ನಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಮಂತ್ರಕ್ಕೆ ಮಿತಿಯೇ ಇಲ್ಲ ಎಂದು ಮಗುವಿಗೆ ಹೇಳುವುದೆಂದರೆ ಸೋಲಿನ ಹೊಣೆಯನ್ನೆಲ್ಲ ಅದರ ನಾಲಗೆಯ ಮೇಲೆ ಹೊರಿಸಿದಂತೆ ಎಂಬುದು ನನಗೆ ಆ ಮೆಟ್ಟಿಲ ಮೇಲೆ ಹೊಳೆಯಿತು. ಭ್ರಮೆ ಹುಟ್ಟಿಸುತ್ತದೆಂದು ನಾವು ಹೆದರುವ ಕಥೆಯ ಪುಸ್ತಕ, ವಾಸ್ತವವಾದಿಗಳಾದ ನಾವೇ ಹುಟ್ಟಿಸಿದ ಭ್ರಮೆಯೊಂದನ್ನು ಬಿಡಿಸಿತ್ತು. ಇದನ್ನು ಅಣ್ಣನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದೆ. ಅವನು ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.

ಹ್ಯಾರಿ ಪಾಟರ್ ಪುಸ್ತಕಗಳಲ್ಲೂ ಸತ್ತವರು ಹಿಂದಿರುಗುವುದಿಲ್ಲ, ಈ ಮಾತನ್ನು ಹುಡುಗಿಯೇ ಆ ಸರಣಿಯ ಪರವಾಗಿ ವಾದಿಸಿದಳು. ಒಪ್ಪುತ್ತೇನೆ. 1997ರಿಂದ 2007ರವರೆಗೆ ಬಂದ ಆ ಏಳು ಸಂಪುಟಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ, ಮೂರನ್ನು ನಾನೂ ರಾತ್ರಿ ನಿದ್ದೆಗೆಟ್ಟು ಓದಿದ್ದೇನೆ. ಆದರೆ ಅಲ್ಲಿ ಕೇಡಿಗೆ ಬೇರೊಬ್ಬನ ಮುಖವಿದೆ. ನಾಯಕನ ಒಳಗೆ ಸಿಕ್ಕಿಕೊಂಡಿರುವ ಅದರ ತುಣುಕು ಕೂಡ ಹೊರಗಿನಿಂದ ಬಂದದ್ದು. ಅರ್ಥ್‌ಸೀಯ ಮೊದಲ ಪುಸ್ತಕದಲ್ಲಿ ಖಳನಾಯಕನೇ ಇಲ್ಲ. ಜಾಸ್ಪರ್ ಅರ್ಧದಾರಿಯಲ್ಲಿ ಕಥೆಯಿಂದ ಜಾರಿಹೋಗುತ್ತಾನೆ. ಡ್ರ್ಯಾಗನ್ ಬರುತ್ತದೆ, ಅದನ್ನು ಗೆಡ್ ಹಳೆಯ ಚರಿತ್ರೆಗಳ ಓದಿನಿಂದ ಊಹಿಸಿದ ಒಂದು ಹೆಸರಿನ ಬಲದಿಂದಲೇ ಕಟ್ಟಿಹಾಕುತ್ತಾನೆ. ಆ ನೆರಳು ಮಾತ್ರ ದ್ವೀಪದಿಂದ ದ್ವೀಪಕ್ಕೆ ಅಟ್ಟಿಕೊಂಡು ಬರುತ್ತದೆ. ಓಡಬೇಡ, ತಿರುಗಿ ನಿಂತು ನೀನೇ ಅದನ್ನು ಅಟ್ಟು ಎಂದು ಓಗಿಯನ್ ಸಲಹೆ ಕೊಡುತ್ತಾನೆ. ಕಡೆಗೆ ಲೋಕದಂಚಿನ ಕಡಲಿನಲ್ಲಿ ಎದುರುಬದುರಾದಾಗ ಇಬ್ಬರೂ ಒಟ್ಟಿಗೇ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಎರಡೂ ಒಂದೇ ಹೆಸರು, ಗೆಡ್. ಯುದ್ಧವಿಲ್ಲ, ವಧೆಯಿಲ್ಲ.

ಪುಸ್ತಕದ ಇನ್ನೊಂದು ಸಂಗತಿಯನ್ನು ಹುಡುಗಿ ಹಿಡಿದಳು, ಮೊದಲ ಸಲ ಓದುವಾಗ ನನಗದು ತಪ್ಪಿಹೋಗಿತ್ತು. ಗೆಡ್‌ನ ಮೈಬಣ್ಣ ಕೆಂಗಂದು, ವೆಚ್‌ನದು ಅದಕ್ಕಿಂತ ಕಪ್ಪು. ಊರಿಗೆ ದಾಳಿಯಿಡುವ ಕರ್ಗರು ಬಿಳಿ ತೊಗಲಿನವರು, ಹೊಂಬಣ್ಣದ ಕೂದಲಿನವರು. ಬಿಳಿಯ ಓದುಗ ಕಪ್ಪು ಹುಡುಗನ ಮನಸ್ಸಿನೊಳಗೆ ತನಗರಿವಿಲ್ಲದೆಯೇ ಹೊಕ್ಕುಬಿಡಲಿ ಎಂದು ಲೆ ಗ್ವಿನ್ ಇದನ್ನು ಸಾರಿ ಹೇಳದೆ ನಡುವೆ ನಡುವೆ ಸೇರಿಸಿದರು. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷ ಅದು. ಓದುಗರು ಹೊಕ್ಕರು, ಪ್ರಕಾಶಕರು ಹೊಗಲಿಲ್ಲ. ಮುಂದಿನ ಹಲವು ಮುದ್ರಣಗಳ ಮುಖಪುಟದಲ್ಲಿ ಗೆಡ್ ಬೆಳ್ಳಗಾದ. ಸೈ ಫೈ ಚಾನೆಲ್ 2004ರಲ್ಲಿ ಇದನ್ನು ದೂರದರ್ಶನಕ್ಕೆ ಅಳವಡಿಸಿದಾಗ ಆ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿತು. ಲೇಖಕಿ ಸುಮ್ಮನಿರದೆ ‘ಸ್ಲೇಟ್’ ಪತ್ರಿಕೆಯಲ್ಲಿ ಖಾರವಾಗಿ ಬರೆದು ಪ್ರತಿಭಟಿಸಿದರು. ಅವರು ತೀರಿಕೊಂಡ 2018ರಲ್ಲೇ, ಕಾದಂಬರಿಗೆ ಐವತ್ತು ತುಂಬಿದಾಗ, ಚಿತ್ರಕಾರ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಂದಿಗೆ ಇಡೀ ಸರಣಿಯ ಒಂದು ಬೃಹತ್ ಸಂಪುಟ ಬಂತು. ಅದರಲ್ಲಿ ಗೆಡ್ ತನ್ನ ಬಣ್ಣದಲ್ಲೇ ಇದ್ದಾನೆ. ನನ್ನ ಅಣ್ಣನ ಮಗಳು ಕಪ್ಪು. ಮದುವೆಮನೆಗಳಲ್ಲಿ ಈ ವಿಷಯವನ್ನು ಅವಳಿಗೆ ನೆನಪಿಸುವವರಿಗೆ ಬರವಿಲ್ಲ. ‘ಹೀರೋ ನಮ್ಮ ಥರಾನೇ ಇದ್ದಾನೆ’ ಎಂದು ಅವಳು ಹೇಳಿದ್ದು ತೀರ ಸಹಜವಾಗಿ, ಹವಾಮಾನದ ಬಗ್ಗೆ ಹೇಳಿದ ಹಾಗೆ.

ಇಷ್ಟು ಮೆಚ್ಚಿಕೊಂಡ ಮೇಲೆ ಅವಳ ತಕರಾರನ್ನು ಮುಚ್ಚಿಡುವುದು ನ್ಯಾಯವಲ್ಲ. ‘ರೋಕ್ ಶಾಲೆಯಲ್ಲಿ ಹುಡುಗಿಯರು ಯಾಕಿಲ್ಲ?’ ನನ್ನ ಬಳಿ ಉತ್ತರವಿರಲಿಲ್ಲ. ಗಾಂಟ್‌ನ ಗಾದೆಗಳು ಹೆಂಗಸರ ಮಾಟವನ್ನು ದುರ್ಬಲವೆಂದೂ ಕೇಡಿನದೆಂದೂ ಹೀಯಾಳಿಸುತ್ತವೆ, ಕಾದಂಬರಿ ಅವುಗಳನ್ನು ಪ್ರಶ್ನಿಸುವುದಿಲ್ಲ. ಗೆಡ್‌ಗೆ ಮೊದಲ ಪಾಠ ಹೇಳಿದ ದೊಡ್ಡಮ್ಮ ಅರ್ಧಂಬರ್ಧ ಬಲ್ಲ ಹಳ್ಳಿಯ ಹೆಂಗಸಾಗಿಯೇ ಉಳಿಯುತ್ತಾಳೆ. ವೆಚ್‌ನ ತಂಗಿ ಯಾರೋ ಎಂಬ ಚುರುಕು ಹುಡುಗಿ ಕಡೆಯ ಅಧ್ಯಾಯಗಳಲ್ಲಿ ಬಂದು, ಒಳ್ಳೆಯ ಪ್ರಶ್ನೆಗಳನ್ನು ಕೇಳಿ, ರೊಟ್ಟಿ ಸುಟ್ಟು ಮನೆಯಲ್ಲೇ ಕೂರುತ್ತಾಳೆ. ಜಾತಿ, ಬಣ್ಣಗಳ ವಿಷಯದಲ್ಲಿ ಕಣ್ಣು ತೆರೆದವರು ಇದೊಂದರಲ್ಲಿ ಮಾತ್ರ ಮುಚ್ಚಿಕೊಂಡಿರುವುದು ನಮ್ಮ ಸಾಹಿತ್ಯದಲ್ಲೂ ಹೊಸದಲ್ಲ. ಲೆ ಗ್ವಿನ್ ದೊಡ್ಡವರೆಂದು ನಾನು ಭಾವಿಸುವುದು ಇಲ್ಲಿಯೇ. ಮೊದಲ ಮೂರು ಪುಸ್ತಕಗಳು 1972ರ ಹೊತ್ತಿಗೆ ಮುಗಿದು ಪ್ರಶಸ್ತಿ, ಕೀರ್ತಿ ಎಲ್ಲ ಬಂದಿದ್ದವು. ಹದಿನೆಂಟು ವರ್ಷ ಕಳೆದು, 1990ರಲ್ಲಿ, ಅವರು ‘ಟೆಹಾನು’ ಬರೆದು ತಮ್ಮದೇ ಲೋಕವನ್ನು ಮಧ್ಯವಯಸ್ಸಿನ ವಿಧವೆಯೊಬ್ಬಳ ಅಡುಗೆಮನೆಯ ಬಾಗಿಲಿನಿಂದ ಮತ್ತೆ ನೋಡಿದರು. ಅದರಲ್ಲಿ ಗೆಡ್ ಮಂತ್ರಶಕ್ತಿ ಕಳೆದುಕೊಂಡ, ನಾಚಿಕೆಯಿಂದ ಮುಖ ಮರೆಸಿಕೊಳ್ಳುವ ಗಂಡಸು. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ. ತಮ್ಮ ಪ್ರಸಿದ್ಧ ಕೃತಿಯ ತಪ್ಪನ್ನು ಅದೇ ಸರಣಿಯೊಳಗೆ ನಿಂತು ಒಪ್ಪಿಕೊಂಡ ಲೇಖಕರು ಎಷ್ಟು ಮಂದಿ?

‘ಟೆಹಾನು’ವನ್ನು ಅವಳಿಗೆ ಈಗಲೇ ಕೊಡಲಿಲ್ಲ. ಅದರಲ್ಲಿ ಸ್ವಂತದವರೇ ಬೆಂಕಿಗೆ ನೂಕಿದ ಮಗುವೊಂದಿದೆ, ಅದನ್ನು ಓದಲು ಇನ್ನೆರಡು ವರ್ಷ ಹೋಗಲಿ ಎನಿಸಿತು. ಎರಡನೆಯ ಪುಸ್ತಕ ‘ದಿ ಟೂಂಬ್ಸ್ ಆಫ್ ಅಟುವಾನ್’ ಕಪಾಟಿನಲ್ಲಿತ್ತು. ಊರಿಗೆ ಹೊರಟ ದಿನ ಅಣ್ಣನೇ ಕರೆದೊಯ್ಯಲು ಬಂದಿದ್ದ. ಅವಳು ಗೈಡುಗಳನ್ನು ಚೀಲದ ತಳಕ್ಕೆ ಒತ್ತಿ ಮೇಲೆ ಅದಕ್ಕೆ ಜಾಗ ಮಾಡುತ್ತಿದ್ದಳು. ಅಣ್ಣ ಪುಸ್ತಕವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

‘ಇದರಲ್ಲಿ ಹುಡುಗಿ ಇದ್ದಾಳಂತೆ ಅಪ್ಪ’ ಎಂದಳು. ಅವನು ಏನೂ ಹೇಳದೆ ಪುಸ್ತಕವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ.